ಸಣ್ಣ ಟರ್ಬೋ ಗಾಡಿಗೆ ಎಂಥ ಕ್ಯಾಮ್? ಆಕ್ಟೇವಿಯಾ ಆರ್‌ಎಸ್‌ನಲ್ಲಿ ಎರಡು ಸೆಟ್ ಓಡಿಸಿದ ಮೇಲೆ

ಗಾಡಿ 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರ್, ಇಪ್ಪತ್ತು ವಾಲ್ವ್, ಟರ್ಬೋ ಪೆಟ್ರೋಲ್. ಯುರೋಪಿನಲ್ಲಿ ಇದೇ ಹೆಸರಿನ ಗಾಡಿಗೆ 180 ಹಾರ್ಸ್‌ಪವರ್ ಇತ್ತು, ನಮ್ಮಲ್ಲಿಗೆ ಬಂದದ್ದು 150ರದ್ದು. 2016ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ, ಆಗ 62,000 ಕಿ.ಮೀ. ಓಡಿತ್ತು. ಆಮೇಲೆ ಇದಕ್ಕೆ ಎರಡು ಬೇರೆ ಬೇರೆ ಕ್ಯಾಮ್ ಸೆಟ್ (ವಾಲ್ವ್‌ಗಳನ್ನು ತೆರೆದು ಮುಚ್ಚುವ ಶಾಫ್ಟ್‌ಗಳ ಜೋಡಿ) ಹಾಕಿಸಿದ್ದೇನೆ. ಮೊದಲನೆಯದು ಹದಿನಾಲ್ಕು ತಿಂಗಳು ಇತ್ತು, 7,000 ಕಿ.ಮೀ. ಓಡಿಸಿ ತೆಗೆಸಿಬಿಟ್ಟೆ. ಎರಡನೆಯದು ಮೂರೂವರೆ ವರ್ಷದಿಂದ ಒಳಗಿದೆ, 38,000 ಕಿ.ಮೀ. ದಾಟಿದೆ. ಈಗ ಬರೆಯುವಷ್ಟು ಅನುಭವ ಆಗಿದೆ ಅನ್ನಿಸಿತು.

ಕ್ಯಾಮ್ ಬಗ್ಗೆ ಕೇಳುವವರೆಲ್ಲ ಮೊದಲು ಕೇಳುವುದು ಡಿಗ್ರಿ, ಅಂದರೆ ಎಂಜಿನ್ ತಿರುಗುವ ಲೆಕ್ಕದಲ್ಲಿ ವಾಲ್ವ್ ಎಷ್ಟು ಹೊತ್ತು ತೆರೆದಿರುತ್ತದೆ ಅನ್ನುವುದು. 260 ಹಾಕಲಾ, 268 ಹಾಕಲಾ, 272 ತಡೆಯುತ್ತಾ ಅಂತ. 2019ರಲ್ಲಿ ನಾನೂ ಅದನ್ನೇ ಕೇಳಿದ್ದೆ. ಆ ಪ್ರಶ್ನೆಗೆ ಮುಂಚೆ ಕೇಳಬೇಕಾದ್ದು ಇನ್ನೊಂದಿದೆ: ನನ್ನ ಟರ್ಬೋ ಎಷ್ಟು ಆರ್‌ಪಿಎಂವರೆಗೆ ಉಸಿರಾಡುತ್ತೆ? ಅದಕ್ಕೆ ಉತ್ತರ ಸಿಕ್ಕರೆ ಕ್ಯಾಮ್ ಆರಿಸುವ ಕೆಲಸ ಮುಕ್ಕಾಲು ಭಾಗ ಮುಗಿದ ಹಾಗೆ.

ಮೊದಲ ಸೆಟ್ ಹಾಕಿಸಿದ್ದು ಹೇಗೆ ಅಂದರೆ, 2019ರಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬರೋದಕ್ಕೆ ಶುರುವಾಯಿತು. ವಾಲ್ವ್ ಸೀಲ್ ಹೋಗಿತ್ತು. ಹೇಗೂ ಹೆಡ್ (ವಾಲ್ವ್, ಕ್ಯಾಮ್ ಇರುವ ಎಂಜಿನ್‌ನ ಮೇಲ್ಭಾಗ) ಇಳಿಸಬೇಕು, ಕೂಲಿ ಒಂದೇ, ಕ್ಯಾಮನ್ನೂ ಮಾಡಿಸಿಬಿಡೋಣ ಅಂದುಕೊಂಡೆ. ಅಷ್ಟು ಹೊತ್ತಿಗೆ ಗಾಡಿಗೆ ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ) ಆಗಿತ್ತು, ಟರ್ಬೋ ಕಂಪನಿಯದೇ ಕೆ03, ಬೂಸ್ಟ್ (ಟರ್ಬೋ ಒಳಗೆ ತಳ್ಳುವ ಗಾಳಿಯ ಹೆಚ್ಚುವರಿ ಒತ್ತಡ) 0.9 ಬಾರ್ ಹತ್ತಿರ. ಹೊಸ ಕ್ಯಾಮ್ ತರಿಸಿದರೆ ಸುಂಕ ಸೇರಿ ದುಡ್ಡು ಜಾಸ್ತಿ. ಹಳೆಯ ಕ್ಯಾಮನ್ನೇ ಹೊಸ ಆಕಾರಕ್ಕೆ ಗ್ರೈಂಡ್ ಮಾಡಿಕೊಡುವ ಒಂದು ಕಡೆ ಗೊತ್ತಾಯಿತು. ನನ್ನ ಒರಿಜಿನಲ್ ಕ್ಯಾಮ್ ಕೊಡೋದಕ್ಕೆ ಮನಸ್ಸು ಬರಲಿಲ್ಲ. ಶಿವಾಜಿನಗರದ ಗುಜರಿಯಲ್ಲಿ ಇದೇ ಎಂಜಿನ್‌ದು ಒಂದು ಜೋಡಿ ಸಿಕ್ಕಿತು, ಅದನ್ನು ಕೊಟ್ಟೆ. ಎರಡೂ ಶಾಫ್ಟ್ 268 ಡಿಗ್ರಿಗೆ ಗ್ರೈಂಡ್ ಆಗಿ ಬಂದವು.

ಹಾಕಿದ ಮೊದಲ ದಿನ ಸೈಲೆನ್ಸರ್ ಸದ್ದು ಕೇಳಿ ಬಹಳ ಖುಷಿಯಾಗಿತ್ತು. ನಿಂತಲ್ಲೇ ಗುಡುಗುಡು ಅನ್ನುವ ಸದ್ದು, ನೋಡಿದವರೆಲ್ಲ ಬಾನೆಟ್ ತೆಗೆಸಿ ನೋಡುತ್ತಿದ್ದರು. ಮೂರನೇ ದಿನ ಆಫೀಸಿಗೆ ತಗೊಂಡು ಹೋದೆ. ಸಿಲ್ಕ್ ಬೋರ್ಡ್ ಹತ್ತಿರ ಎಸಿ ಕಂಪ್ರೆಸರ್ ಆನ್ ಆದ ಹಾಗೆಲ್ಲ ಆರ್‌ಪಿಎಂ ಕುಸಿದು, ಇನ್ನೇನು ಆಫ್ ಆಗುತ್ತೆ ಅನ್ನುವಾಗ ಮತ್ತೆ ಮೇಲೇಳುತ್ತಿತ್ತು. ಕ್ಲಚ್ ಬಿಟ್ಟರೆ ಎಳೆತ ಇಲ್ಲ. ಸ್ವಲ್ಪ ರೇಸ್ ಕೊಟ್ಟೇ ಬಿಡಬೇಕು, ಇಲ್ಲದಿದ್ದರೆ ಜರ್ಕ್. ನಮ್ಮ ಮೇಸ್ತ್ರಿ ಒಂದು ರೌಂಡ್ ಹೊಡೆದು ಬಂದು, "ಸರ್, ಕೆಳಗೆ ಪಿಕಪ್ ಪೂರ್ತಿ ಹೋಗಿದೆ, ಮೇಲೆ ಬಂದಿರೋದು ಅಷ್ಟಕ್ಕಷ್ಟೇ" ಅಂದರು. ನನಗೆ ಒಪ್ಪಿಕೊಳ್ಳೋದಕ್ಕೆ ಇಷ್ಟ ಇರಲಿಲ್ಲ. ಪವರ್ ಅಳೆಯುವ ಡೈನೋ ಮೇಲೆ ಹಾಕಿದಾಗ ಅವರು ಹೇಳಿದ್ದೇ ಬಂತು: 2,500 ಆರ್‌ಪಿಎಂನಲ್ಲಿ 32 ನ್ಯೂಟನ್ ಮೀಟರ್ ಟಾರ್ಕ್ ಕಡಿಮೆ, 5,800ರಲ್ಲಿ 5 ಹಾರ್ಸ್‌ಪವರ್ ಜಾಸ್ತಿ. ಊರೊಳಗೆ ಓಡಿಸುವ ಗಾಡಿಗೆ ಇದು ನಷ್ಟದ ವ್ಯಾಪಾರ.

ಯಾಕೆ ಹೀಗಾಯಿತು ಅನ್ನೋದನ್ನು ತಿಳಿಯೋದಕ್ಕೆ ನನಗೆ ಬಹಳ ದಿನ ಹಿಡಿಯಿತು, ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚುವ ಮೊದಲೇ ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವ್ ತೆರೆದುಕೊಳ್ಳುತ್ತದೆ. ಎರಡೂ ತೆರೆದಿರುವ ಆ ಹೊತ್ತೇ ಓವರ್‌ಲ್ಯಾಪ್. ಟರ್ಬೋ ಇಲ್ಲದ ಎಂಜಿನ್‌ನಲ್ಲಿ, ಜೋರಾಗಿ ಓಡುವಾಗ, ಹೊರಗೆ ಹೋಗುವ ಹೊಗೆ ಹೊಸ ಗಾಳಿಯನ್ನು ತನ್ನ ಹಿಂದೆ ಎಳೆದುಕೊಳ್ಳುತ್ತದೆ, ಅದಕ್ಕೇ ಅಂಥ ಎಂಜಿನ್‌ಗೆ ಓವರ್‌ಲ್ಯಾಪ್ ಜಾಸ್ತಿ ಇದ್ದರೆ ಒಳ್ಳೆಯದು. ಟರ್ಬೋದಲ್ಲಿ ಹೊಗೆಯ ದಾರಿಗೆ ಟರ್ಬೈನ್ (ಹೊಗೆಯ ಒತ್ತಡದಿಂದ ತಿರುಗುವ ಚಕ್ರ) ಅಡ್ಡ ಕೂತಿರುತ್ತದೆ. ಟರ್ಬೈನ್ ಸಣ್ಣದಾದಷ್ಟೂ ಅದರ ಹಿಂದೆ ಒತ್ತಡ ಏರುತ್ತದೆ. ಆ ಒತ್ತಡ ಬೂಸ್ಟ್‌ಗಿಂತ ಜಾಸ್ತಿಯಾದರೆ, ಎರಡೂ ವಾಲ್ವ್ ತೆರೆದಿರುವ ಹೊತ್ತಲ್ಲಿ ಸುಟ್ಟ ಹೊಗೆ ವಾಪಸ್ ಒಳಗೆ ನುಗ್ಗುತ್ತದೆ. ಹೊಸ ಗಾಳಿಯ ಜಾಗವನ್ನು ಅದೇ ತಿಂದುಬಿಡುತ್ತದೆ, ಸಿಲಿಂಡರ್ ಬಿಸಿಯಾಗುತ್ತದೆ, ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ಸಿಡಿಯುವುದು) ಬರುತ್ತದೆ, ಇಸಿಯು (ಎಂಜಿನ್ ಕಂಪ್ಯೂಟರ್) ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ತಳ್ಳುತ್ತದೆ. ಬೂಸ್ಟ್ ಮೀಟರ್ ಮಾತ್ರ 0.9 ಅಂತಲೇ ತೋರಿಸುತ್ತಿರುತ್ತದೆ, ನಾವು ಎಲ್ಲ ಸರಿ ಇದೆ ಅಂದುಕೊಂಡಿರುತ್ತೇವೆ.

ಇದನ್ನು ಅಳೆದೇ ನೋಡಬೇಕು ಅನ್ನಿಸಿತು. ಟರ್ಬೋಗಿಂತ ಮುಂಚೆ, ಹೊಗೆ ಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಲ್ಲಿ ಒಂದು ಸಣ್ಣ ತೂತಿಗೆ ಥ್ರೆಡ್ ಹಾಕಿಸಿ, ಒಂದು ಮೀಟರ್‌ಗಿಂತ ಉದ್ದದ ತಾಮ್ರದ ಪೈಪನ್ನು ಸ್ಪ್ರಿಂಗಿನ ಹಾಗೆ ಸುತ್ತಿಸಿ ಜೋಡಿಸಿದೆವು. ಸುತ್ತದಿದ್ದರೆ ಬಿಸಿ ನೇರವಾಗಿ ಬಂದು ಗೇಜನ್ನು ಸುಟ್ಟುಬಿಡುತ್ತದೆ. ಗೇಜನ್ನು ವೈಪರ್ ಕೆಳಗೆ ಟೇಪ್ ಹಾಕಿ ಅಂಟಿಸಿ, ನಾನು ಓಡಿಸಿದೆ, ಮೇಸ್ತ್ರಿ ನೋಡಿ ಬರೆದುಕೊಂಡರು. 3,000ದಲ್ಲಿ ಬೂಸ್ಟ್ 0.9, ಹಿಂದಿನ ಒತ್ತಡ 1.0. 4,500ರಲ್ಲಿ 1.4. 5,500ರಲ್ಲಿ 1.8. ಬೂಸ್ಟ್‌ನ ಎರಡರಷ್ಟು! ನಾನು ಹಾಕಿದ್ದ 268 ಕ್ಯಾಮ್ ಸರಿಯಾಗಿ ಕೆಲಸ ಮಾಡೋದಕ್ಕೆ ಶುರು ಮಾಡುವುದೇ 4,500ರಿಂದ ಮೇಲೆ, ಆ ಟರ್ಬೋ ಉಸಿರು ಕಟ್ಟುವುದೂ ಅಲ್ಲಿಂದಲೇ. ಕ್ಯಾಮ್ ಒಂದು ಕಡೆ ಎಳೆದರೆ ಟರ್ಬೋ ಇನ್ನೊಂದು ಕಡೆ.

ಕೆಳಗೆ ಪಿಕಪ್ ಹೋಗಿದ್ದಕ್ಕೆ ಕಾರಣ ಬೇರೆ. ಡ್ಯುರೇಶನ್, ಅಂದರೆ ಅದೇ ಡಿಗ್ರಿ, ಜಾಸ್ತಿ ಆದರೆ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತದೆ. ಪಿಸ್ಟನ್ ಮೇಲೆ ಬರೋದಕ್ಕೆ ಶುರು ಮಾಡಿದ ಮೇಲೂ ಅದು ತೆರೆದೇ ಇರುತ್ತದೆ, ಎಂಜಿನ್ ನಿಧಾನಕ್ಕೆ ಓಡುವಾಗ ಒಳಗೆ ಬಂದ ಗಾಳಿಯಲ್ಲಿ ಒಂದಿಷ್ಟು ವಾಪಸ್ ಹೋಗಿಬಿಡುತ್ತದೆ. ಬೂಸ್ಟ್ ಬರುವ ಮುಂಚಿನ ಕಂಪ್ರೆಶನ್ ಸತ್ತುಹೋಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿನ ಗಾಳಿಯ ಒತ್ತಡವೇ ಸುಮಾರು 0.9 ಬಾರ್. ಮೊದಲೇ ಕಡಿಮೆ ಇರುವ ಕಡೆ ಇನ್ನೂ ಕಡಿಮೆ ಮಾಡಿಕೊಂಡಿದ್ದೆ. ಅದೇ ಗಾಡಿಯನ್ನು ಮಂಗಳೂರಿನ ಕಡೆ ಇಳಿಸಿದಾಗ ಸ್ವಲ್ಪ ಹಗುರ ಅನ್ನಿಸುತ್ತಿತ್ತು.

ಈಗ ಆ ಸೆಟ್‌ನ ಇನ್ನೊಂದು ಕಥೆ. 2020ರಲ್ಲಿ ಗಾಡಿಗೆ ಹದಿನೈದು ವರ್ಷ ತುಂಬಿತು, ಆರ್‌ಸಿ ನವೀಕರಣ ಮಾಡಿಸಬೇಕು. ಎಮಿಷನ್ ಟೆಸ್ಟ್‌ನಲ್ಲಿ ಐಡ್ಲಿಂಗ್‌ನ ಹೈಡ್ರೋಕಾರ್ಬನ್ ರೀಡಿಂಗ್ ಹಿಂದಿನ ಸಲಕ್ಕಿಂತ ಬಹಳ ಮೇಲೆ ಹೋಗಿತ್ತು. ಓವರ್‌ಲ್ಯಾಪ್ ಹೊತ್ತಲ್ಲಿ ಸುಟ್ಟ ಹೊಗೆ ಒಳಗೆ ಬೆರೆತು, ಪೆಟ್ರೋಲ್ ಪೂರ್ತಿ ಸುಡದೇ ಹೊರಗೆ ಹೋಗುತ್ತಿತ್ತು. ಜೊತೆಗೆ ಟ್ಯಾಪೆಟ್ (ಕ್ಯಾಮ್ ಮತ್ತು ವಾಲ್ವ್ ನಡುವೆ ಕೂರುವ ತುಂಡು) ಸದ್ದು ಶುರುವಾಗಿತ್ತು. ವಾಲ್ವ್ ಕವರ್ ಬಿಚ್ಚಿಸಿದೆವು. ಎರಡನೇ ಸಿಲಿಂಡರ್‌ನ ಎಕ್ಸಾಸ್ಟ್ ಲೋಬ್ (ವಾಲ್ವನ್ನು ಒತ್ತುವ ಕ್ಯಾಮ್‌ನ ಉಬ್ಬು) ತುದಿಯಲ್ಲಿ ಹೊಳಪು ಹೋಗಿ ಬೂದಿ ಬಣ್ಣ ಬಂದಿತ್ತು. ಬೆರಳು ಆಡಿಸಿದರೆ ನುಣುಪಾಗಿಯೇ ಇತ್ತು, ಉಗುರು ಆಡಿಸಿದಾಗ ಮಾತ್ರ ಅಂಚಿನಲ್ಲಿ ತಡೆಯಿತು. ಅಲ್ಲಿ ಮೆಟ್ಟಿಲಿನ ಹಾಗೆ ಸವೆದಿತ್ತು. ಟ್ಯಾಪೆಟ್ ತಲೆಯ ಮೇಲೂ ಅದೇ ಗುರುತು. ಕ್ಯಾಮ್‌ನ ಗಟ್ಟಿ ಪದರ ಇರುವುದು ಮೇಲ್ಮೈಯಲ್ಲಿ, ಅದನ್ನು ಜಾಸ್ತಿ ಗ್ರೈಂಡ್ ಮಾಡಿದರೆ ಕೆಳಗಿನ ಮೆತ್ತಗಿನ ಲೋಹ ಬಂದುಬಿಡುತ್ತದೆ. ಮತ್ತೆ ಗಟ್ಟಿ ಮಾಡಿಸಬೇಕಿತ್ತು, ಮಾಡಿರಲಿಲ್ಲ. ಕೊಟ್ಟವರಿಗೆ ಫೋಟೋ ಕಳಿಸಿ ಕೇಳಿದೆ, ಆಯಿಲ್ ಸರಿ ಇಲ್ಲ ಅಂದರು. ದುಡ್ಡು ವಾಪಸ್ ಬರಲಿಲ್ಲ. ಗ್ರೈಂಡ್ ಮಾಡಿಸುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ, ಚೆನ್ನಾಗಿ ಮಾಡುವವರೂ ಇದ್ದಾರೆ. ಆದರೆ ಗಟ್ಟಿತನ ಅಳೆದು ಬರೆದುಕೊಡಿ ಅಂತ ಮೊದಲೇ ಕೇಳಿ. ಹೈಡ್ರಾಲಿಕ್ ಟ್ಯಾಪೆಟ್ ಇರುವ ಎಂಜಿನ್ ಆದರೆ ಬೇಸ್ ಸರ್ಕಲ್ (ಲೋಬ್‌ನ ಉಬ್ಬಿಲ್ಲದ ಗುಂಡನೆಯ ಭಾಗ) ಎಷ್ಟು ಕಡಿಮೆ ಮಾಡಿದ್ದಾರೆ ಅಂತಲೂ ಕೇಳಿ. ಟ್ಯಾಪೆಟ್ ತನ್ನೊಳಗಿನ ಆಯಿಲ್‌ನಿಂದ ಆ ಅಂತರ ತುಂಬಿಕೊಳ್ಳುತ್ತದೆ ನಿಜ, ಅದಕ್ಕೂ ಒಂದು ಮಿತಿ ಇದೆ.

ಒರಿಜಿನಲ್ ಕ್ಯಾಮ್ ವಾಪಸ್ ಹಾಕಿದೆವು. ಗಾಡಿ ಮತ್ತೆ ಜೀವ ಬಂದ ಹಾಗೆ ಆಯಿತು. ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು: ಕಂಪನಿಯ ಸಣ್ಣ ಟರ್ಬೋನೇ ಇಟ್ಟುಕೊಂಡು ರೀಮ್ಯಾಪ್ ಮಾತ್ರ ಮಾಡಿಸಿದ್ದರೆ ಕ್ಯಾಮ್ ಮುಟ್ಟಬೇಡಿ. ಆ ದುಡ್ಡಲ್ಲಿ ಒಳ್ಳೆ ಇಂಟರ್‌ಕೂಲರ್ ಹಾಕಿಸಿ, ಬ್ರೇಕ್ ಪ್ಯಾಡ್ ಬದಲಾಯಿಸಿ, ಟೈರ್ ತಗೊಳ್ಳಿ. ಸ್ಟಾಕ್ ಕ್ಯಾಮ್ ಆ ಟರ್ಬೋಗೆ ಅಂತಲೇ ಲೆಕ್ಕ ಹಾಕಿ ಮಾಡಿದ್ದು.

2021ರಲ್ಲಿ ಟರ್ಬೋ ಆಯಿಲ್ ಬಿಡೋದಕ್ಕೆ ಶುರು ಮಾಡಿತು. ಅದನ್ನೇ ರಿಪೇರಿ ಮಾಡಿಸುವ ಬದಲು, ಅದೇ ಜಾಗಕ್ಕೆ ನೇರವಾಗಿ ಕೂರುವ, ಸ್ವಲ್ಪ ದೊಡ್ಡ ಕೆ04 ಹಾಕಿಸಿದೆ. ಬೂಸ್ಟ್ 1.1 ಬಾರ್. ಆರು ತಿಂಗಳು ಸ್ಟಾಕ್ ಕ್ಯಾಮ್ ಜೊತೆಗೇ ಓಡಿಸಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುತ್ತದೆ, ಇದನ್ನು ನಾನು ಮೊದಲ ಸಲವೇ ಮಾಡಬೇಕಿತ್ತು. ಮತ್ತೆ ತಾಮ್ರದ ಪೈಪ್ ಸುತ್ತಿ ಅಳೆದೆವು. 5,500ರಲ್ಲಿ ಹಿಂದಿನ ಒತ್ತಡ 1.5. ಬೂಸ್ಟ್‌ಗಿಂತ ಇನ್ನೂ ಜಾಸ್ತಿಯೇ, ಆದರೆ ಮೊದಲಿನಷ್ಟು ಕೆಟ್ಟದಾಗಿಲ್ಲ. ಡೈನೋದಲ್ಲಿ 5,600ರ ಮೇಲೆ ಪವರ್ ಗೆರೆ ಕೆಳಗೆ ಬಾಗುತ್ತಿತ್ತು. ಟರ್ಬೋದಲ್ಲಿ ಇನ್ನೂ ಗಾಳಿ ಇದೆ, ಹೆಡ್ ಒಳಗೆ ಬಿಡುತ್ತಿಲ್ಲ ಅನ್ನುವುದು ಅಲ್ಲಿ ಕಂಡಿತು. ಈಗ ಕ್ಯಾಮ್‌ಗೆ ಅರ್ಥ ಬಂತು.

ಎರಡನೇ ಸೆಟ್ ಆರಿಸುವಾಗ ನಾನು ಮೊದಲು ನೋಡಿದ್ದು ಓವರ್‌ಲ್ಯಾಪ್. ಲೆಕ್ಕ ಸುಲಭ: ಇನ್‌ಟೇಕ್, ಎಕ್ಸಾಸ್ಟ್ ಎರಡರ ಡ್ಯುರೇಶನ್ ಕೂಡಿಸಿ ಅರ್ಧ ಮಾಡಿ, ಅದರಿಂದ ಲೋಬ್ ಸೆಪರೇಶನ್‌ನ (ಇನ್‌ಟೇಕ್, ಎಕ್ಸಾಸ್ಟ್ ಲೋಬ್‌ಗಳ ತುದಿಗಳ ನಡುವಿನ ಕೋನದ) ಎರಡರಷ್ಟನ್ನು ಕಳೆಯಿರಿ. ನನ್ನ ಹಳೆಯ ಸೆಟ್ 268 ಡಿಗ್ರಿ, ಸೆಪರೇಶನ್ 110. ಅಂದರೆ 268ರಲ್ಲಿ 220 ಕಳೆದರೆ 48 ಡಿಗ್ರಿ. ಹೊಸದು ಎರಡೂ ಕಡೆ 248, ಸೆಪರೇಶನ್ 114. 248ರಲ್ಲಿ 228 ಹೋದರೆ 20. ಅರ್ಧಕ್ಕಿಂತ ಕಡಿಮೆ. ಲಿಫ್ಟ್, ಅಂದರೆ ವಾಲ್ವ್ ತೆರೆಯುವ ಎತ್ತರ, ಮಾತ್ರ ಸ್ಟಾಕ್‌ಗಿಂತ ಸುಮಾರು 1 ಮಿ.ಮೀ. ಜಾಸ್ತಿ. ಟರ್ಬೋ ಗಾಡಿಗೆ ಇದೇ ಸರಿಯಾದ ದಾರಿ ಅಂತ ಈಗ ಗಟ್ಟಿಯಾಗಿ ನಂಬಿದ್ದೇನೆ: ವಾಲ್ವ್ ಜಾಸ್ತಿ ಎತ್ತರ ತೆರೆಯಲಿ, ಜಾಸ್ತಿ ಹೊತ್ತು ತೆರೆದಿರುವುದು ಬೇಡ.

ಡಿಗ್ರಿ ಹೋಲಿಸುವಾಗ ಒಂದು ಎಚ್ಚರ ಬೇಕು. ವಾಲ್ವ್ 0.1 ಮಿ.ಮೀ. ಎದ್ದಾಗಿನಿಂದ ಅಳೆದರೆ ಒಂದು ಸಂಖ್ಯೆ ಬರುತ್ತದೆ, 1 ಮಿ.ಮೀ.ನಿಂದ ಅಳೆದರೆ ಅದೇ ಕ್ಯಾಮ್‌ಗೆ ಬಹಳ ಸಣ್ಣ ಸಂಖ್ಯೆ ಬರುತ್ತದೆ. ಅಮೆರಿಕದವರು 0.050 ಇಂಚಿನಲ್ಲಿ, ಅಂದರೆ 1.27 ಮಿ.ಮೀ.ನಲ್ಲಿ ಅಳೆಯುತ್ತಾರೆ. ಒಬ್ಬರ 230 ಇನ್ನೊಬ್ಬರ 268 ಆಗಿರಬಹುದು. ಯಾವ ಲಿಫ್ಟ್‌ನಲ್ಲಿ ಅಳೆದದ್ದು ಅಂತ ಹೇಳದೆ ಬರೀ ಡಿಗ್ರಿ ಹೇಳುವವರ ಹತ್ತಿರ ಕೊಳ್ಳಬೇಡಿ.

ಈ ಎಂಜಿನ್‌ದೇ ಒಂದು ವಿಶೇಷ ಇದೆ. ಟೈಮಿಂಗ್ ಬೆಲ್ಟ್ ತಿರುಗಿಸುವುದು ಎಕ್ಸಾಸ್ಟ್ ಕ್ಯಾಮನ್ನು ಮಾತ್ರ. ಇನ್‌ಟೇಕ್ ಕ್ಯಾಮ್ ತಿರುಗುವುದು ಇನ್ನೊಂದು ತುದಿಯಲ್ಲಿ ಇರುವ ಸಣ್ಣ ಚೈನ್‌ನಿಂದ. ಆದ್ದರಿಂದ ಅಡ್ಜಸ್ಟ್ ಮಾಡುವ ಕ್ಯಾಮ್ ಪುಲಿ ತಂದು ಹಾಕಿದರೆ ಎರಡೂ ಕ್ಯಾಮ್ ಒಟ್ಟಿಗೇ ಮುಂದೆ ಹಿಂದೆ ಹೋಗುತ್ತವೆ, ಓವರ್‌ಲ್ಯಾಪ್ ಬದಲಾಗುವುದಿಲ್ಲ. ಬೇರೆ ಗಾಡಿಗಳಲ್ಲಿ ಎರಡು ಪುಲಿ ಇರುತ್ತವೆ, ಅಲ್ಲಿ ತಿರುಗಿಸಿ ಸರಿಮಾಡಿಕೊಳ್ಳಬಹುದು. ಇದರಲ್ಲಿ ಸೆಪರೇಶನ್ ಗ್ರೈಂಡ್ ಮಾಡುವಾಗಲೇ ಸರಿ ಇರಬೇಕು. ಚೈನ್ ಕೂರಿಸುವಾಗ ಎರಡು ಗುರುತುಗಳ ನಡುವೆ 16 ರೋಲರ್ ಇರಬೇಕು. ನಮ್ಮ ಮೇಸ್ತ್ರಿ ಟಾರ್ಚ್ ಹಿಡಿದು ಮೂರು ಸಲ ಎಣಿಸಿದರು, ನಾನು ಎರಡು ಸಲ ಎಣಿಸಿದೆ. ಒಂದು ರೋಲರ್ ತಪ್ಪಿದರೂ ಎಲ್ಲ ಲೆಕ್ಕ ಹಾಳು. ಈ ಎಂಜಿನ್‌ನಲ್ಲಿ ಟೈಮಿಂಗ್ ಪೂರ್ತಿ ತಪ್ಪಿದರೆ ವಾಲ್ವ್ ಪಿಸ್ಟನ್‌ಗೆ ಹೊಡೆಯುತ್ತದೆ.

ವಾಲ್ವ್ ಮತ್ತು ಪಿಸ್ಟನ್ ನಡುವಿನ ಅಂತರವನ್ನೂ ಅಳೆದೆವು. ಹೆಡ್ ಈ ಸಲವೂ ಇಳಿಸಿದ್ದರಿಂದ ಅನುಕೂಲವಾಯಿತು. ಮಕ್ಕಳು ಆಡುವ ಕ್ಲೇ ತಂದು ಪಿಸ್ಟನ್ ಮೇಲೆ ಒತ್ತಿ, ಸ್ವಲ್ಪ ಆಯಿಲ್ ಸವರಿ, ಹೆಡ್ ಕೂರಿಸಿ ಕೈಯಿಂದ ಎರಡು ಸುತ್ತು ತಿರುಗಿಸಿದರು. ಹೈಡ್ರಾಲಿಕ್ ಟ್ಯಾಪೆಟ್‌ನಲ್ಲಿ ಹೀಗೆ ನೋಡಿದರೆ ಅದು ಕುಗ್ಗಿ ಸುಳ್ಳು ಅಳತೆ ಕೊಡುತ್ತದೆ, ಅದಕ್ಕೆ ಪೀಣ್ಯದ ಒಂದು ಲೇತ್‌ನಲ್ಲಿ ಅದೇ ಎತ್ತರದ ಗಟ್ಟಿ ತುಂಡುಗಳನ್ನು ಮಾಡಿಸಿ ಆ ಸಿಲಿಂಡರ್‌ಗೆ ಹಾಕಿದ್ದೆವು. ಆಮೇಲೆ ಹೆಡ್ ಎತ್ತಿ, ಕ್ಲೇ ಮೇಲೆ ವಾಲ್ವ್ ಒತ್ತಿದ ಗುರುತನ್ನು ಬ್ಲೇಡ್‌ನಿಂದ ಅಡ್ಡ ಕತ್ತರಿಸಿ ತೆಳ್ಳಗಿದ್ದ ಜಾಗ ಅಳೆದೆವು. ಇನ್‌ಟೇಕ್ 2.3 ಮಿ.ಮೀ., ಎಕ್ಸಾಸ್ಟ್ 2.9. ಧೈರ್ಯ ಬಂತು.

ವಾಲ್ವ್ ಸ್ಪ್ರಿಂಗ್ ಬದಲಾಯಿಸಲೇಬೇಕಾ ಅಂತ ಬಹಳ ಜನ ಕೇಳುತ್ತಾರೆ. ನಾನು ಬದಲಾಯಿಸಿದೆ. ಲಿಫ್ಟ್ ಜಾಸ್ತಿಯಾದಾಗ ಹಳೆಯ ಸ್ಪ್ರಿಂಗ್‌ನ ಸುತ್ತುಗಳು ಒಂದಕ್ಕೊಂದು ತಾಗುವ ಹತ್ತಿರ ಬರುತ್ತಿದ್ದವು. ಟರ್ಬೋದಲ್ಲಿ ಇನ್ನೊಂದು ಕಾರಣವೂ ಇದೆ. ಬೂಸ್ಟ್ ಇನ್‌ಟೇಕ್ ವಾಲ್ವ್‌ನ ಬೆನ್ನ ಮೇಲೆ ಒತ್ತುತ್ತಾ ಇರುತ್ತದೆ. ಈ ಎಂಜಿನ್‌ನ ಇನ್‌ಟೇಕ್ ವಾಲ್ವ್ ಸುಮಾರು 27 ಮಿ.ಮೀ. ಅಗಲ, ಅಂದರೆ 5.7 ಚದರ ಸೆಂ.ಮೀ. 1.1 ಬಾರ್‌ನಲ್ಲಿ ಆರು ಕೆಜಿಗಿಂತ ಜಾಸ್ತಿ ಭಾರ ವಾಲ್ವನ್ನು ತೆರೆಯೋದಕ್ಕೆ ನೋಡುತ್ತಿರುತ್ತದೆ. ಹಳೆಯ, ಸೋತ ಸ್ಪ್ರಿಂಗ್ ಆದರೆ ಜೋರಾಗಿ ಓಡುವಾಗ ವಾಲ್ವ್ ಸರಿಯಾಗಿ ಕೂರುವುದಿಲ್ಲ.

ಟ್ಯಾಪೆಟ್ ಎಲ್ಲ ಇಪ್ಪತ್ತೂ ಹೊಸದು. ಹಳೆಯ ಟ್ಯಾಪೆಟ್ ಮೇಲೆ ಹೊಸ ಕ್ಯಾಮ್ ಹಾಕಬೇಡಿ. ಲೋಬ್‌ಗಳಿಗೆ ಅಸೆಂಬ್ಲಿ ಪೇಸ್ಟ್ ಸವರಿ, ಹೆಡ್ ಕೂರಿಸಿದ ಮೇಲೆ ಅರ್ಧ ಗಂಟೆ ಸುಮ್ನೆ ಬಿಟ್ಟೆವು. ಟ್ಯಾಪೆಟ್ ಒಳಗಿನ ಆಯಿಲ್ ಇಳಿದು ಸರಿಯಾಗಿ ಕೂರಬೇಕು, ಇಲ್ಲದಿದ್ದರೆ ವಾಲ್ವ್ ಎದ್ದೇ ಇರುತ್ತದೆ. ಆಮೇಲೆ ಕೈಯಿಂದ ಎರಡು ಸುತ್ತು, ಆಮೇಲೆ ಸ್ಟಾರ್ಟ್. ಸ್ಟಾರ್ಟ್ ಆದ ಕೂಡಲೇ ಐಡ್ಲಿಂಗ್‌ನಲ್ಲಿ ಬಿಡದೆ 2,000ದಿಂದ 2,500 ಆರ್‌ಪಿಎಂನಲ್ಲಿ ಇಪ್ಪತ್ತು ನಿಮಿಷ. ಹೆಡ್ ಬಿಚ್ಚಿದ್ದಾಗಲೇ ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಎಲ್ಲ ಹೊಸದು ಹಾಕಿಸಿದೆ. ಜೆ.ಸಿ. ರೋಡ್‌ನಲ್ಲಿ ಸುತ್ತಾಡಿ ಲೋಹದ ಇಂಪೆಲ್ಲರ್ ಇರುವ ಪಂಪ್ ತಂದೆ. ಒರಿಜಿನಲ್ ಪ್ಲಾಸ್ಟಿಕ್ಕಿನದು ಒಡೆಯುವುದು ಈ ಎಂಜಿನ್‌ನ ಹಳೆಯ ಕಾಯಿಲೆ. ಕ್ಯಾಮ್, ಸ್ಪ್ರಿಂಗ್, ಟ್ಯಾಪೆಟ್, ಕೂಲಿ, ಮತ್ತೆ ಟ್ಯೂನ್ ಮಾಡಿಸಿದ್ದು ಸೇರಿ ನನಗೆ ಒಂದು ಲಕ್ಷ ನಲವತ್ತು ಸಾವಿರದ ಹತ್ತಿರ ಬಂತು.

ಟ್ಯೂನ್ ಮಾತ್ರ ಬಿಡಬೇಡಿ. ಇದರಲ್ಲಿ ಗಾಳಿಯನ್ನು ಸೆನ್ಸರ್ ಅಳೆದು ಇಸಿಯುಗೆ ಹೇಳುತ್ತದೆ, ಅದಕ್ಕೆ ಬಹಳ ಮಟ್ಟಿಗೆ ತಾನೇ ಹೊಂದಿಕೊಳ್ಳುತ್ತದೆ ಅನ್ನುವುದು ನಿಜ. ಆದರೆ ಇಗ್ನಿಷನ್ ಮತ್ತು ಬೂಸ್ಟ್ ಟೇಬಲ್ ಹಳೆಯ ಕ್ಯಾಮ್‌ಗೆ ಬರೆದದ್ದೇ ಇರುತ್ತದೆ.

ಈಗ ಮೂರೂವರೆ ವರ್ಷದ ಲೆಕ್ಕ. ಐಡ್ಲಿಂಗ್ ಸ್ಟಾಕ್‌ನಷ್ಟೇ ನುಣುಪು ಅಂತ ಹೇಳಲಾರೆ, ಗಮನ ಇಟ್ಟು ಕೇಳಿದರೆ ಸ್ವಲ್ಪ ವ್ಯತ್ಯಾಸ ಗೊತ್ತಾಗುತ್ತದೆ. ಪಕ್ಕದಲ್ಲಿ ಕೂತ ನನ್ನ ಹೆಂಡತಿಗೆ ಗೊತ್ತಾಗುವುದಿಲ್ಲ, ಹಳೆಯ ಸೆಟ್ ಇದ್ದಾಗ ಆಕೆ ಗಾಡಿ ಹತ್ತುವುದನ್ನೇ ಬಿಟ್ಟಿದ್ದಳು. ಎಸಿ ಆನ್ ಆದರೆ ಆರ್‌ಪಿಎಂ ಒಂದು ಕ್ಷಣ ಅಲುಗಿ ನಿಲ್ಲುತ್ತದೆ, ಅಷ್ಟೇ. ಬ್ರೇಕ್ ಪೆಡಲ್ ಮೊದಲಿನ ಹಾಗೇ ಇದೆ. ದೊಡ್ಡ ಕ್ಯಾಮ್ ಇದ್ದಾಗ ವ್ಯಾಕ್ಯೂಮ್ ಕಡಿಮೆಯಾಗಿ, ಟ್ರಾಫಿಕ್‌ನಲ್ಲಿ ಎರಡು ಮೂರು ಸಲ ಒತ್ತಿದರೆ ಪೆಡಲ್ ಗಟ್ಟಿಯಾಗುತ್ತಿತ್ತು. ಮೈಲೇಜ್ ಊರೊಳಗೆ ಸ್ಟಾಕ್ ಕ್ಯಾಮ್‌ನಲ್ಲಿ 9.8 ಇತ್ತು, ಈಗ 9.5. ದೊಡ್ಡದರಲ್ಲಿ 8ಕ್ಕೆ ಇಳಿದಿತ್ತು. ಎಮಿಷನ್ ಟೆಸ್ಟ್ ಪ್ರತಿ ಸಲ ಪಾಸ್. 95 ಆಕ್ಟೇನ್ ಪೆಟ್ರೋಲ್‌ಗಿಂತ ಕಡಿಮೆ ಹಾಕುವುದಿಲ್ಲ, ಘಾಟಿಗೆ ಹೋಗುವ ಮುಂಚೆ 100 ಸಿಕ್ಕರೆ ಹಾಕುತ್ತೇನೆ. ಆಯಿಲ್ 7,500 ಕಿ.ಮೀ.ಗೆ ಒಂದು ಸಲ, ವಿಡಬ್ಲ್ಯು 502 00 ಅಂತ ಡಬ್ಬದ ಮೇಲೆ ಬರೆದಿರುವುದು ಮಾತ್ರ.

ಡೈನೋದಲ್ಲಿ, ಅದೇ ಕೆ04, ಅದೇ ಬೂಸ್ಟ್‌ಗೆ: 2,500ರಲ್ಲಿ 7 ನ್ಯೂಟನ್ ಮೀಟರ್ ಕಡಿಮೆ, 4,000ದಲ್ಲಿ ಸಮ, 6,000ದಲ್ಲಿ 16 ಹಾರ್ಸ್‌ಪವರ್ ಜಾಸ್ತಿ. ಸಂಖ್ಯೆ ನೋಡಿದರೆ ದೊಡ್ಡದೇನಲ್ಲ. ರಸ್ತೆಯಲ್ಲಿ ಅದು ಕಾಣುವ ಬಗೆ ಬೇರೆ. ಮಂಗಳೂರಿನ ಕಡೆಯಿಂದ ಸಕಲೇಶಪುರಕ್ಕೆ ಶಿರಾಡಿ ಘಾಟಿ ಹತ್ತಿ ಬರುವಾಗ ಮೊದಲು ಮೂರನೇ ಗೇರ್‌ನಲ್ಲಿ 5,500ಕ್ಕೆ ಎಂಜಿನ್ ಸಾಕು ಅನ್ನುತ್ತಿತ್ತು, ಲಾರಿ ದಾಟುವ ಮಧ್ಯದಲ್ಲೇ ನಾಲ್ಕಕ್ಕೆ ಹಾಕಬೇಕಿತ್ತು. ಈಗ ಅದೇ ಗೇರ್‌ನಲ್ಲಿ 6,300ರವರೆಗೆ ಎಳೆಯುತ್ತಾ ಹೋಗುತ್ತದೆ. ಲಾರಿ ದಾಟಿ ನಮ್ಮ ಸಾಲಿಗೆ ಬಂದ ಮೇಲೆ ಗೇರ್ ಬದಲಾಯಿಸಬಹುದು. ನಾನು ಕೇಳಿದ್ದು ಇಷ್ಟೇ, ಸಿಕ್ಕಿತು.

30,000 ಕಿ.ಮೀ. ಆದಾಗ ಕವರ್ ಬಿಚ್ಚಿ ನೋಡಿದೆವು. ಲೋಬ್‌ಗಳೆಲ್ಲ ಕನ್ನಡಿಯ ಹಾಗಿದ್ದವು, ಉಗುರು ಎಲ್ಲೂ ತಡೆಯಲಿಲ್ಲ. ಚೈನ್ ಟೆನ್ಷನರ್‌ನ ಪ್ಯಾಡ್ ಸವೆದಿತ್ತು, ಅದು ಕ್ಯಾಮ್‌ನಿಂದ ಆದದ್ದಲ್ಲ, ವಯಸ್ಸಿನಿಂದ. ಬದಲಾಯಿಸಿದೆ. ಚಳಿಗಾಲದಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಸೆಕೆಂಡ್ ಟ್ಯಾಪೆಟ್ ಸದ್ದು ಬರುತ್ತದೆ, ಆಮೇಲೆ ಇಲ್ಲ.

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಗಾಡಿಯನ್ನು ಕಂಪನಿ ಕೊಟ್ಟ ವಿವರದಿಂದ ಬದಲಿಸುವುದಕ್ಕೆ ಮಿತಿ ಹಾಕಿದೆ. ವಿಮೆ ಕ್ಲೇಮ್ ಸಮಯದಲ್ಲೂ ಪ್ರಶ್ನೆ ಬರಬಹುದು. ಕೆಲಸಕ್ಕೆ ಕೈ ಹಾಕುವ ಮುಂಚೆಯೇ ಇದನ್ನು ಯೋಚಿಸಿ.

ಸ್ಟಾಕ್ ಕ್ಯಾಮ್ ಎರಡನ್ನೂ ಆಯಿಲ್ ಸವರಿ, ಹಳೆ ಲುಂಗಿ ಬಟ್ಟೆಯಲ್ಲಿ ಸುತ್ತಿ, ಯಾವುದು ಇನ್‌ಟೇಕ್ ಯಾವುದು ಎಕ್ಸಾಸ್ಟ್ ಅಂತ ಚೀಟಿ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದೇನೆ. ಕೊಡ್ತೀರಾ ಅಂತ ಇಬ್ಬರು ಕೇಳಿದರು, ಕೊಡಲಿಲ್ಲ. ಮುಂದಿನ ಬೆಲ್ಟ್ ಬದಲಾವಣೆ ಈ ಬೆಲ್ಟ್ 60,000 ಕಿ.ಮೀ. ಓಡಿದ ಮೇಲೆ ಮಾಡಿಸುತ್ತೇನೆ, ಆಗ ಮತ್ತೆ ಕವರ್ ಬಿಚ್ಚಿ ಲೋಬ್ ನೋಡಿ, ಏನಾದರೂ ಹೊಸದು ಕಂಡರೆ ಇಲ್ಲೇ ಸೇರಿಸುತ್ತೇನೆ.